ಆಭರಣದ ತಗಡು ಕೊಯ್ಯಲು ಸ್ಕ್ರಾಲ್ ಸಾ: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಜಾಲಂಧ್ರ

ಹಿತ್ತಾಳೆ, ತಾಮ್ರ, ಸ್ಟರ್ಲಿಂಗ್ ಬೆಳ್ಳಿ ತಗಡಿನಲ್ಲಿ ಜಾಲರಿ ಕೊರೆಯಲು ಸ್ಕ್ರಾಲ್ ಸಾ (ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಗರಗಸದ ಯಂತ್ರ) ತೆಗೆದುಕೊಳ್ಳುವ ಯೋಚನೆ ಇದೆ. ತಗಡಿನ ದಪ್ಪ 0.6ರಿಂದ 3 ಮಿ.ಮೀ. ಸಿಗುವ ಯಂತ್ರಗಳೆಲ್ಲ ಮರದ ಕೆಲಸಕ್ಕೆಂದೇ ಮಾಡಿದವು, ಕೈಪಿಡಿಯಲ್ಲಿ ಲೋಹದ ಬಗ್ಗೆ ಒಂದು ಸಾಲು ಇದ್ದರೆ ಹೆಚ್ಚು. ಗೊತ್ತಿರುವವರು ದಯವಿಟ್ಟು ತಿಳಿಸಿ: ವೇಗ ಎಷ್ಟಿರಬೇಕು? ಅಕ್ಕಸಾಲಿಗಳ ಸಣ್ಣ ಬ್ಲೇಡನ್ನು ಇವು ಹಿಡಿಯುತ್ತವೆಯೇ? ಹೆಚ್ಚು ವ್ಯಾಟಿನ ಮೋಟಾರು ಇದ್ದರೆ ಅನುಕೂಲವೇ? ಬ್ರಾಂಡಿನ ಹೆಸರಿಗಿಂತ ಕಾರಣ ಹೇಳಿದರೆ ಉಪಕಾರ.

ಎರಡುಸೊನ್ನೆ

ವ್ಯಾಟ್ ಮರೆತುಬಿಡಿ. 2 ಮಿ.ಮೀ. ಹಿತ್ತಾಳೆ ಕೊಯ್ಯಲು ಬೇಕಾದ ಶಕ್ತಿ ಅತಿ ಸಣ್ಣ ಮೋಟಾರಿನಲ್ಲೂ ಇರುತ್ತದೆ. ಮೊದಲು ನೋಡಬೇಕಾದ್ದು ಕನಿಷ್ಠ ವೇಗ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದು ಗರಿಷ್ಠ ವೇಗವನ್ನು, ಲೋಹದವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಲೆಕ್ಕ ಹೀಗೆ. ಹೆಚ್ಚಿನ ಯಂತ್ರಗಳ ಸ್ಟ್ರೋಕ್, ಅಂದರೆ ಬ್ಲೇಡು ಒಮ್ಮೆ ಇಳಿಯುವ ದೂರ, 18–19 ಮಿ.ಮೀ. ಬ್ಲೇಡು ಅತಿ ವೇಗವಾಗಿ ಓಡುವುದು ಸ್ಟ್ರೋಕಿನ ನಡುಮಧ್ಯದಲ್ಲಿ. ಅಲ್ಲಿನ ವೇಗ ಬೇಕಾದರೆ ಪೈ, ಸ್ಟ್ರೋಕಿನ ಉದ್ದ, ನಿಮಿಷದ ಸ್ಟ್ರೋಕ್ ಸಂಖ್ಯೆ ಮೂರನ್ನೂ ಗುಣಿಸಿ. 19 ಮಿ.ಮೀ. ಸ್ಟ್ರೋಕಿನಲ್ಲಿ ನಿಮಿಷಕ್ಕೆ 400 ಅಂದರೆ ಸುಮಾರು 24 ಮೀಟರ್, 900 ಅಂದರೆ 54 ಮೀಟರ್, 1750 ಅಂದರೆ 104 ಮೀಟರ್. ಕೈಗರಗಸದಲ್ಲಿ ನಿಮಿಷಕ್ಕೆ 80 ಎಳೆತ, ಒಂದೊಂದೂ 80 ಮಿ.ಮೀ. ಎಂದಿಟ್ಟುಕೊಂಡರೆ ಇದೇ ಲೆಕ್ಕದಲ್ಲಿ 20 ಮೀಟರ್ ಬರುತ್ತದೆ. ಹಾಗಾಗಿ 400 ಎಂದರೆ ಚುರುಕಾದ ಕೈಯ ವೇಗಕ್ಕೆ ಹತ್ತಿರ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕೈಯಲ್ಲಿ ಎಳೆದಾಗ ಬ್ಲೇಡಿನ 80 ಮಿ.ಮೀ. ಉದ್ದದ ಹಲ್ಲುಗಳು ಕೆಲಸ ಹಂಚಿಕೊಳ್ಳುತ್ತವೆ. ಯಂತ್ರದಲ್ಲಿ ಬರೀ 19 ಮಿ.ಮೀ. ಉದ್ದದ ಹಲ್ಲುಗಳು ಅಷ್ಟೂ ಕೆಲಸ ಮಾಡಬೇಕು, ಅಂದರೆ ಒಂದೊಂದು ಹಲ್ಲಿಗೆ ನಾಲ್ಕು ಪಟ್ಟು ದುಡಿಮೆ, ಆರಲು ಬಿಡುವೂ ಇಲ್ಲ. ಬ್ಲೇಡು ನೀಲಿಯಾಗಿ ಹಲ್ಲು ಮೊಂಡಾಗುವುದು ಇದರಿಂದ. ನಿಮಿಷಕ್ಕೆ 400–500ಕ್ಕೆ ಇಳಿಯದ ಯಂತ್ರವನ್ನು ಆಭರಣದ ತೆಳು ಕೆಲಸಕ್ಕೆ ಕೊಳ್ಳಬೇಡಿ. ಡಿವಾಲ್ಟ್ ಡಿಡಬ್ಲ್ಯೂ788 ಥರದವು 400ರಿಂದ 1750ರವರೆಗೆ ಹೋಗುತ್ತವೆ, ಸರಿ. ಪ್ರಾಕ್ಸಾನ್ ಡಿಎಸ್ 460ಕ್ಕೆ ಎರಡೇ ವೇಗ, 900 ಮತ್ತು 1400. ಅಂದವಾಗಿ ಕಟ್ಟಿದ ಯಂತ್ರವೇ, ಆದರೆ 0.8 ಮಿ.ಮೀ. ಬೆಳ್ಳಿಗೆ 900 ಜಾಸ್ತಿ. ಡ್ರೆಮೆಲ್ ಮೋಟೋ-ಸಾ ಶುರುವಾಗುವುದೇ 1500ಕ್ಕೆ, ಈ ಕೆಲಸಕ್ಕೆ ಅದರ ಮಾತೇ ಬೇಡ.

ದಪ್ಪತಗಡು

ಎರಡುಸೊನ್ನೆ ಅವರ ಲೆಕ್ಕ ಒಪ್ಪುತ್ತೇನೆ, 400ರ ಪಟ್ಟು ಒಪ್ಪುವುದಿಲ್ಲ. 3 ಮಿ.ಮೀ. ಹಿತ್ತಾಳೆಯಲ್ಲಿ 3 ಅಥವಾ 5ನೇ ನಂಬರಿನ ಬ್ಲೇಡಿಗೆ (ನಂಬರು ಏರಿದಂತೆ ಬ್ಲೇಡು ದಪ್ಪ) 700–900 ಧಾರಾಳವಾಗಿ ನಡೆಯುತ್ತದೆ. ಹಿತ್ತಾಳೆಯ ಪುಡಿ ಒಣಗಿ ಉದುರುತ್ತದೆ, ಹಲ್ಲಿಗೆ ಮೆತ್ತುವುದಿಲ್ಲ. ವೇಗ ತೀರಾ ಇಳಿಸಿದರೆ ಕೈ ತಾನಾಗಿ ತಗಡನ್ನು ಹೆಚ್ಚು ಒತ್ತುತ್ತದೆ, ಬ್ಲೇಡು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ತಿರುವಿನಲ್ಲಿ ಕೆಳಗಿನ ಗೆರೆ ಮೇಲಿನದಕ್ಕಿಂತ ಹಿಂದೆ ಬೀಳುತ್ತದೆ. ತಾಮ್ರ, ಅನೀಲ್ ಮಾಡಿದ (ಕಾಯಿಸಿ ಮೆದುವಾಗಿಸಿದ) ಬೆಳ್ಳಿ, ಅಲ್ಯೂಮಿನಿಯಂ ಇವು ಮೆತ್ತುವ ಜಾತಿ, ಇವಕ್ಕೆ 400–500 ಸರಿ.

ಇನ್ನೊಂದು: ಕೊಯ್ಯುವ ಮುಂಚೆ ತಗಡನ್ನು ಅನೀಲ್ ಮಾಡಬೇಡಿ. ರೋಲಿನಿಂದ ಬಂದ ಗಟ್ಟಿ ತಗಡು ಶುಭ್ರವಾಗಿ ಕೊಯ್ಯುತ್ತದೆ, ಬಾಗುವುದೂ ಕಡಿಮೆ. ಬಾಗಿಸುವ ಕೆಲಸವಿದ್ದರೆ ಕೊಯ್ದ ಮೇಲೆ ಕಾಯಿಸಿ.

ಎರಡುಸೊನ್ನೆ

ದಪ್ಪ ಹಿತ್ತಾಳೆಗೆ ನೀವು ಹೇಳಿದ್ದು ಸರಿ. ಪ್ರಶ್ನೆ ಕೇಳಿದವರ ತಗಡು 0.6ರಿಂದ ಶುರು ಅನ್ನುವ ಕಾರಣಕ್ಕೆ ಕನಿಷ್ಠ ವೇಗಕ್ಕೆ ಪಟ್ಟು ಹಿಡಿದೆ. 400ಕ್ಕೆ ಇಳಿಯುವ ಯಂತ್ರವನ್ನು 900ಕ್ಕೆ ಏರಿಸಬಹುದು, 900ಕ್ಕೆ ನಿಲ್ಲುವುದನ್ನು ಇಳಿಸಲಾಗದು.

ಹಿಡಿತ

ವೇಗ ಸರಿಯಿದ್ದೂ ಮೂಲೆಗೆ ಬೀಳುವ ಯಂತ್ರಗಳು ಬ್ಲೇಡ್ ಹಿಡಿಯುವ ಕ್ಲಾಂಪಿನಿಂದಾಗಿ ಬೀಳುತ್ತವೆ. ಅಗ್ಗದ ಯಂತ್ರಗಳು ತುದಿಗೆ ಅಡ್ಡ ಪಿನ್ ಇರುವ ಬ್ಲೇಡಿಗೆ ಮಾಡಿದವು. ಆ ಪಿನ್ ತೂರಬೇಕಾದರೆ ತಗಡಿನಲ್ಲಿ ಹಲವು ಮಿ.ಮೀ. ತೂತು ಬೇಕು, ಜಾಲರಿ ಕೆಲಸ ಅಲ್ಲಿಗೇ ಮುಗಿಯಿತು. ಅಕ್ಕಸಾಲಿ ಬ್ಲೇಡಿಗೆ ಪಿನ್ ಇಲ್ಲ, ಉದ್ದ 130 ಮಿ.ಮೀ. ಪಿನ್ ಇಲ್ಲದ ಸ್ಕ್ರಾಲ್ ಸಾ ಬ್ಲೇಡು 127 ಮಿ.ಮೀ. ಈ 3 ಮಿ.ಮೀ. ವ್ಯತ್ಯಾಸ ಅಡ್ಡಿಯಾಗುವುದಿಲ್ಲ.

ತೊಂದರೆ ಇರುವುದು ದಪ್ಪದಲ್ಲಿ. 2/0 (1ಕ್ಕಿಂತ ತೆಳು ನಂಬರು) ಬ್ಲೇಡಿನ ದಪ್ಪ 0.26 ಮಿ.ಮೀ. ಕ್ಲಾಂಪಿನ ಎರಡು ಮುಖಗಳು ಒಂದಕ್ಕೊಂದು ಸಮಾನಾಂತರವಾಗಿ, ಸಪಾಟಾಗಿ ಕೂಡದಿದ್ದರೆ ಅಂಥ ಬ್ಲೇಡು ಒಂದೇ ಅಂಚಿನಲ್ಲಿ ಸಿಕ್ಕಿಕೊಂಡು ಓರೆಯಾಗುತ್ತದೆ ಅಥವಾ ಜಾರಿ ಹೊರಬರುತ್ತದೆ. ಪಿನ್ ಬ್ಲೇಡಿನ ಯಂತ್ರಕ್ಕೆ ಸಿಗುವ ಹೆಚ್ಚುವರಿ ಅಡಾಪ್ಟರುಗಳಲ್ಲಿ ಈ ಕಾಯಿಲೆ ಸಾಮಾನ್ಯ. ಅಂಗಡಿಯಲ್ಲೇ ಪರೀಕ್ಷಿಸಿ: ಜೇಬಿನಲ್ಲಿ 2/0 ಬ್ಲೇಡು ಇಟ್ಟುಕೊಂಡು ಹೋಗಿ ಎರಡೂ ಕ್ಲಾಂಪಿಗೆ ಹಾಕಿ, ಟೆನ್ಷನ್ (ಬಿಗಿತ) ಕೊಟ್ಟು, ಬೆರಳಿನಿಂದ ಮೀಟಿ. ತಂತಿವಾದ್ಯದ ಹಾಗೆ ಚುರುಕಾದ ನಾದ ಬರಬೇಕು. ಮೀಟಿದಾಗೆಲ್ಲ ನಾದ ಇಳಿಯುತ್ತ ಹೋದರೆ ಜಾರುತ್ತಿದೆ ಎಂದರ್ಥ.

ಹೊಸ ಕ್ಲಾಂಪಿನ ಮುಖಗಳನ್ನು 220 ಗ್ರಿಟ್ ಮರಳು ಕಾಗದಕ್ಕೆ ಸಪಾಟಾಗಿ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ. ಹೊಸ ಬ್ಲೇಡಿನ ತುದಿಗಳಲ್ಲೂ ಎಣ್ಣೆ ಸವರಿರುತ್ತಾರೆ, ಅದನ್ನೂ ಒರೆಸಿ. ಕ್ಲಾಂಪಿನ ತಿರುಪನ್ನು ಇಕ್ಕಳದಿಂದ ಬಿಗಿಯುವ ಚಾಳಿ ಬೇಡ: ತಿರುಪಿನ ತುದಿ ಚಪ್ಪಟೆಯಾಗಿ, ಬಿಗಿಯುವಾಗ ಬ್ಲೇಡನ್ನೇ ತಿರುಚಲು ಶುರುಮಾಡುತ್ತದೆ.

ಜಾಲಂಧ್ರ

ಟೆನ್ಷನ್ ಎಷ್ಟು ಕೊಡಬೇಕು? ಮರದವರು ಹೇಳುವ ಅಳತೆಯೇ ಸಾಕೇ?

ಹಿಡಿತ

ಮರದವರು ಹೇಳುವುದು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ 3 ಮಿ.ಮೀ.ಗಿಂತ ಹೆಚ್ಚು ಬಾಗಬಾರದು ಅಂತ. 1ನೇ ನಂಬರಿನಿಂದ ಮೇಲಿನ ಬ್ಲೇಡಿಗೆ ಅದೇ ಸಾಕು. 2/0ಕ್ಕೆ ಅಷ್ಟು ಬಿಗಿ ಕೊಟ್ಟರೆ ಮೊದಲ ಕಠಿಣ ತಿರುವಿನಲ್ಲೇ ತುಂಡಾಗಬಹುದು. ನಾದ ಬರುವವರೆಗೆ ಬಿಗಿದು ಅಲ್ಲಿಗೇ ನಿಲ್ಲಿಸಿ. ಟೆನ್ಷನ್ ಕೊಡುವ ಹಿಡಿಕೆ ಮುಂದೆ, ಮೇಲಿನ ತೋಳಿನ ಮೂತಿಯ ಹತ್ತಿರ ಇರುವ ಯಂತ್ರವನ್ನೇ ಆರಿಸಿ. ಜಾಲರಿಯಲ್ಲಿ ಒಂದೊಂದು ಕಿಂಡಿಗೂ ಬ್ಲೇಡು ಬಿಚ್ಚಿ ತೂರಿಸಬೇಕು. ಹಿಡಿಕೆ ಹಿಂದೆ ಇದ್ದರೆ 40 ಕಿಂಡಿಗೆ 80 ಸಲ ಬಗ್ಗಬೇಕಾಗುತ್ತದೆ.

ಸಣ್ಣಹಲ್ಲು

ಬ್ಲೇಡಿನ ವಿಷಯಕ್ಕೆ ಬರುತ್ತೇನೆ, ಯಂತ್ರಕ್ಕಿಂತ ಹೆಚ್ಚು ಫರಕು ಮಾಡುವುದು ಇದೇ. ತಯಾರಕರಿಂದ ತಯಾರಕರಿಗೆ ಅಳತೆ ತುಸು ಬೇರೆಯಾದರೂ ಸಾಮಾನ್ಯ ಲೆಕ್ಕ ಹೀಗಿದೆ:

6/0: ದಪ್ಪ 0.18 ಮಿ.ಮೀ., ಇಂಚಿಗೆ 76 ಹಲ್ಲು
4/0: 0.22 ಮಿ.ಮೀ., 66 ಹಲ್ಲು
2/0: 0.26 ಮಿ.ಮೀ., 56 ಹಲ್ಲು
1: 0.30 ಮಿ.ಮೀ., 51 ಹಲ್ಲು
3: 0.36 ಮಿ.ಮೀ., 40 ಹಲ್ಲು
5: 0.40 ಮಿ.ಮೀ., 35 ಹಲ್ಲು

ತಗಡಿನ ದಪ್ಪದೊಳಗೆ ಯಾವಾಗಲೂ ಎರಡು ಹಲ್ಲಾದರೂ ಇರಬೇಕು, ಮೂರಿದ್ದರೆ ಇನ್ನೂ ಒಳ್ಳೆಯದು. 2/0ರಲ್ಲಿ ಹಲ್ಲಿಂದ ಹಲ್ಲಿಗೆ 0.45 ಮಿ.ಮೀ. ಹಾಗಾಗಿ 1 ಮಿ.ಮೀ. ತಗಡಿನಲ್ಲಿ ಎರಡು ಹಲ್ಲು ಕೂರುತ್ತವೆ, 0.6ರಲ್ಲಿ ಒಂದೂ ಕಾಲು. ಎರಡು ಹಲ್ಲಿನ ನಡುವಿನ ಸಂದಿಗೆ ತಗಡಿನ ಅಂಚು ಬಿದ್ದರೆ ಬ್ಲೇಡು ಅದನ್ನು ಕಚ್ಚಿಕೊಂಡು ಕೆಳಕ್ಕೆ ಎಳೆಯುತ್ತದೆ, ಹಿಂದಿರುಗುವಾಗ ಮೇಲಕ್ಕೆ ಎತ್ತುತ್ತದೆ. ಕೈಯಲ್ಲಾದರೆ ಕಚ್ಚಿದ್ದು ಗೊತ್ತಾಗಿ ನಿಲ್ಲಿಸುತ್ತೀರಿ. ಯಂತ್ರಕ್ಕೆ ಆ ಬುದ್ಧಿ ಇಲ್ಲ, ಹಲ್ಲು ಹಾರುತ್ತದೆ ಇಲ್ಲವೇ ಬ್ಲೇಡು ತುಂಡಾಗುತ್ತದೆ.

0.6ಕ್ಕೆ 6/0 ಹಾಕಿದರೆ ಲೆಕ್ಕಕ್ಕೆ ಹತ್ತಿರ ಬರುತ್ತದೆ ನಿಜ, ಆದರೆ 0.18 ಮಿ.ಮೀ. ದಪ್ಪದ ಬ್ಲೇಡು ಯಂತ್ರದ ಎಳೆತಕ್ಕೆ ಬಾಳುವುದಿಲ್ಲ. ಯಂತ್ರಕ್ಕೆ 2/0 ಕೊನೆ ಅಂತ ಇಟ್ಟುಕೊಳ್ಳಿ. ತೆಳು ತಗಡನ್ನು ಪದರ ಮಾಡಿ ದಪ್ಪ ಮಾಡಿಕೊಳ್ಳಬೇಕು. ನಾಲ್ಕು 0.6 ತಗಡನ್ನು ತೆಳ್ಳಗಿನ ಎರಡು ಬದಿಯ ಟೇಪಿನಿಂದ ಅಂಟಿಸಿದರೆ 2.4 ಮಿ.ಮೀ. ಆಗುತ್ತದೆ, ಆಗ 1ನೇ ನಂಬರು ಹಾಯಾಗಿ ನಡೆಯುತ್ತದೆ, ಓಲೆಯ ಎರಡು ಜೋಡಿ ಒಂದೇ ಸಲಕ್ಕೆ ಸಿಗುತ್ತದೆ. ಒಂದೇ ತಗಡಾದರೆ ಕೆಳಗೆ 3 ಮಿ.ಮೀ. ಪ್ಲೈವುಡ್ ಅಂಟಿಸಿ. ಪ್ಲೈವುಡ್ ಕೆಳಗಿರಲಿ, ಮೇಲೆ ಬೇಕಿಲ್ಲ. ಹಲ್ಲು ಕೆಳಮುಖವಾಗಿ ಕೊಯ್ಯುವುದರಿಂದ ತರಿ (ಅಂಚಿನ ಒರಟು ಮುಳ್ಳು) ಏಳುವುದು ಕೆಳಗಿನ ಮುಖದಲ್ಲೇ. ಅಂಚಿಗೆ ಸೂಪರ್ ಗ್ಲೂ ಹಾಕಿ ಪದರ ಕಟ್ಟುವವರೂ ಇದ್ದಾರೆ, ಅಸಿಟೋನಿನಲ್ಲಿ ನೆನೆಸಿದರೆ ಬಿಡುತ್ತದೆ, ಆದರೆ ಹೊತ್ತು ಹಿಡಿಯುತ್ತದೆ.

ಮರದ ಬ್ಲೇಡುಗಳಲ್ಲಿ ರಿವರ್ಸ್ ಟೂತ್ ಎಂಬ ಜಾತಿ ಇದೆ, ಕೆಳಗಿನ ಕೆಲವು ಹಲ್ಲು ಮೇಲ್ಮುಖ. ಮರದ ಅಡಿಮುಖ ಸಿಗಿಯದಿರಲಿ ಎಂದು ಮಾಡಿದ್ದು, ಲೋಹದಲ್ಲಿ ಅದು ತಗಡನ್ನು ಎತ್ತಿ ಬಡಿಯುತ್ತದೆ. ಸುರುಳಿ ಬ್ಲೇಡೂ ಬೇಡ: ಸೀಳು ಅಗಲ, ಅಂಚು ಒರಟು.

ಮೇಜುಮೂಲೆ

ತಗಡು ಎಗರುವುದಕ್ಕೆ ಹಲ್ಲು ಅರ್ಧ ಕಾರಣ, ಇನ್ನರ್ಧ ಟೇಬಲ್ಲಿನದು. ಮರದ ಯಂತ್ರದ ಟೇಬಲ್ಲಿನಲ್ಲಿ ಬ್ಲೇಡಿನ ಸುತ್ತ ದೊಡ್ಡ ತೂತು ಇರುತ್ತದೆ. ಕೊಯ್ದ ಸಣ್ಣ ತುಂಡು ಅದರೊಳಗೆ ಬೀಳುತ್ತದೆ, ತೆಳು ತಗಡು ಅದರ ಮೇಲೆ ಬಾಗುತ್ತದೆ. 3 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ಟೇಬಲ್ಲಿನ ಅಳತೆಗೆ ಕತ್ತರಿಸಿ, ಬಳಸಲಿರುವ ಬ್ಲೇಡಿನಿಂದಲೇ ಮುಂದಿನ ಅಂಚಿಂದ ನಡುವಿನವರೆಗೆ ಕೊಯ್ದು, ಅಲ್ಲೇ ಯಂತ್ರ ನಿಲ್ಲಿಸಿ, ಎರಡು ಬದಿಯ ಟೇಪಿನಿಂದ ಟೇಬಲ್ಲಿಗೆ ಅಂಟಿಸಿ. ಬ್ಲೇಡಿನ ಅಗಲದಷ್ಟೇ ಸೀಳು. ತಗಡು ಬಾಗಲು ಜಾಗವೇ ಇಲ್ಲ. ಅಕ್ರಿಲಿಕ್ ಕೊಯ್ಯುವಾಗ ವೇಗ ಕನಿಷ್ಠದಲ್ಲಿರಲಿ, ಇಲ್ಲದಿದ್ದರೆ ಕರಗಿ ಸೀಳು ಹಿಂದೆಯೇ ಮುಚ್ಚಿಕೊಳ್ಳುತ್ತದೆ.

ಇದೇ ಜಾಗದಲ್ಲಿ ಬ್ಲೇಡು ಉಳಿಸುವ ಉಪಾಯವೂ ಇದೆ. ಸ್ಟ್ರೋಕ್ 19 ಮಿ.ಮೀ. ಆದ್ದರಿಂದ ಬ್ಲೇಡಿನ ಒಂದು ಸಣ್ಣ ಪಟ್ಟಿ ಮಾತ್ರ ಸವೆಯುತ್ತದೆ, ಉಳಿದ ಹಲ್ಲು ಹೊಸದೇ. ಆ ಪಟ್ಟಿ ಮೊಂಡಾದಾಗ 20 ಮಿ.ಮೀ. ದಪ್ಪದ ಹಲಗೆಯನ್ನು ಟೇಬಲ್ಲಿನ ಮೇಲೆ ಹಾಕಿ ತಗಡನ್ನು ಎತ್ತರಿಸಿದರೆ ಹೊಸ ಹಲ್ಲು ಕೆಲಸಕ್ಕೆ ಬರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಟೇಬಲ್ಲಿನ ಮೇಲೆ 50 ಮಿ.ಮೀ. ಹತ್ತಿರ ಜಾಗ ಇರುವುದರಿಂದ ಮೇಲಿನ ಕ್ಲಾಂಪು ತಾಗುವುದಿಲ್ಲ. ಆದರೂ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಸ್ವಿಚ್ ಹಾಕಿ.

ತಗಡನ್ನು ಒತ್ತಿಹಿಡಿಯುವ ಕಾಲು ಕೆಲವು ಯಂತ್ರಗಳಲ್ಲಿ ಇರುತ್ತದೆ. ಅದನ್ನು ಕಿತ್ತಿಟ್ಟು ಕೆಲಸ ಮಾಡುವುದು ಮರದವರ ರೂಢಿ, ಲೋಹದಲ್ಲಿ ಅದು ಇರಲೇಬೇಕು. ಮೂಲ ಕಾಲು ಅಗಲವಾಗಿ ಗೆರೆ ಮುಚ್ಚುತ್ತದೆ. ಅದರ ಬದಲು ಪಾರದರ್ಶಕ ಅಕ್ರಿಲಿಕ್ಕಿನಲ್ಲಿ 6 ಮಿ.ಮೀ. ತೂತಿನ ಒಂದು ಪಾದ ಮಾಡಿಕೊಳ್ಳಿ, ಗೆರೆಯೂ ಕಾಣುತ್ತದೆ, ಬೆಳ್ಳಿಗೆ ಗೀರೂ ಬೀಳುವುದಿಲ್ಲ.

ಸಮಾನಾಂತರ

ಯಾರೂ ತೋಳಿನ ಬಗ್ಗೆ ಹೇಳಲಿಲ್ಲ. ಕೊಳ್ಳುವಾಗ ಮೂರು ಬಗೆ ಸಿಗುತ್ತವೆ.

ಸಿ-ಆರ್ಮ್‌ನಲ್ಲಿ ಮೇಲಿನ ಕೆಳಗಿನ ತೋಳು ಒಂದೇ ತುಂಡು, ಹಿಂದಿನ ಒಂದು ಕೀಲಿನ ಸುತ್ತ ತೂಗುತ್ತದೆ. ಬ್ಲೇಡು ನೇರ ಇಳಿಯುವುದಿಲ್ಲ, ಕಮಾನಿನ ಹಾದಿಯಲ್ಲಿ ಹಿಂದೆ ಮುಂದೆ ಓಲಾಡುತ್ತದೆ. ಮರದಲ್ಲಿ ಅದರಿಂದ ಕೊಯ್ತ ಚುರುಕಾಗುತ್ತದೆ. 0.5 ಮಿ.ಮೀ. ಅಗಲದ ಬ್ಲೇಡಿನಿಂದ ಲೋಹದಲ್ಲಿ ಮೂಲೆ ತಿರುಗಿಸುವಾಗ ಮಾತ್ರ ಮೂಲೆ ಗುಂಡಾಗುತ್ತದೆ.

ಸಮಾನಾಂತರ ತೋಳಿನವುಗಳಲ್ಲಿ, ಹೆಗ್ನರ್ ಈ ಜಾತಿ, ಮೇಲೊಂದು ಕೆಳಗೊಂದು ತೋಳು ಬೇರೆಬೇರೆ ಕೀಲಿನ ಮೇಲೆ ಜೊತೆಗೆ ಚಲಿಸುವುದರಿಂದ ಬ್ಲೇಡು ಹೆಚ್ಚುಕಡಿಮೆ ನೆಟ್ಟಗೆ ಉಳಿಯುತ್ತದೆ.

ಜೋಡಿ ಲಿಂಕಿನವುಗಳಲ್ಲಿ, ಡಿಡಬ್ಲ್ಯೂ788 ಈ ಬಗೆಯದು, ಉದ್ದ ತೋಳು ಅಲುಗುವುದಿಲ್ಲ. ಮುಂದಿನ ಗಿಡ್ಡ ಕೀಲುಗಳು ಮಾತ್ರ ಆಡುತ್ತವೆ. ಚಲಿಸುವ ತೂಕ ಕಡಿಮೆ, ಹಾಗಾಗಿ ನಡುಕವೂ ಕಡಿಮೆ. ಆಭರಣಕ್ಕೆ ಈ ಎರಡರಲ್ಲಿ ಒಂದು ತೆಗೆದುಕೊಳ್ಳಿ.

ಪರೀಕ್ಷೆ ಸುಲಭ. ಬ್ಲೇಡಿನ ಹಿಂದೆ ಸಣ್ಣ ಗುಣಿ ಮಾಪಕ (ಲಂಬಕೋನ ನೋಡುವ ಮೂಲೆಮಟ್ಟ) ಇಟ್ಟು, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಬ್ಲೇಡು ಮಾಪಕದಿಂದ ಎಷ್ಟು ದೂರ ಹೋಗಿ ಬರುತ್ತದೆ ನೋಡಿ. ಅಡ್ಡ ಓರೆ ತಿಳಿಯಲು 20 ಮಿ.ಮೀ. ದಪ್ಪದ ಮರದ ತುಂಡಿಗೆ ಒಂದು ಗೀರು ಕೊಯ್ದು, ತುಂಡನ್ನು ಹಿಂದುಮುಂದು ಮಾಡಿ ಬ್ಲೇಡಿನ ಹಿಂಬದಿಗೆ ತನ್ನಿ. ಟೇಬಲ್ ಸರಿಯಿದ್ದರೆ ಬ್ಲೇಡು ಅದೇ ಗೀರಿನೊಳಗೆ ಸಲೀಸಾಗಿ ಕೂರುತ್ತದೆ. ಟೇಬಲ್ಲಿಗೆ ಅಂಟಿಸಿದ ಕೋನದ ಗುರುತನ್ನು ನಂಬಬೇಡಿ, ಅದು ಅಲಂಕಾರ.

ಜಾಲಂಧ್ರ

ಉಪಯುಕ್ತ, ಎಲ್ಲರಿಗೂ ಧನ್ಯವಾದ. ಒಂದು ಹಳೆಯ ಎರಕದ ಕಬ್ಬಿಣದ ಯಂತ್ರ ಸಿಗುವ ಹಾಗಿದೆ. ಸಮಾನಾಂತರ ತೋಳು, ಭಾರವಾಗಿದೆ, ಕ್ಲಾಂಪೂ ಚೆನ್ನಾಗಿದೆ. ವೇಗ ಮಾತ್ರ ಒಂದೇ, 1440. ದೀಪದ ಡಿಮ್ಮರಿನಂಥದ್ದು ಹಾಕಿ ಇಳಿಸಬಹುದೇ?

ಸುರುಳಿತಂತಿ

ಬೇಡ. ನಿಮಿಷಕ್ಕೆ 1440 ಅಂದರೆ ಅದು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಓಡುವ ನಾಲ್ಕು ಪೋಲಿನ ಇಂಡಕ್ಷನ್ ಮೋಟಾರು. ಅದರ ವೇಗ ನಿರ್ಧರಿಸುವುದು ಹರ್ಟ್ಸ್, ವೋಲ್ಟೇಜ್ ಅಲ್ಲ. ಡಿಮ್ಮರ್ ಹಾಕಿದರೆ ಸ್ವಲ್ಪ ದೂರ ಏನೂ ಆಗುವುದಿಲ್ಲ, ಆಮೇಲೆ ಬಲ ಸೋತು, ಗುಂಯ್‌ಗುಟ್ಟುತ್ತ ನಿಂತು, ಸುರುಳಿ ಸುಡುತ್ತದೆ. ಫ್ರೀಕ್ವೆನ್ಸಿ ಬದಲಿಸುವ ಡ್ರೈವ್ ಮೂರು ಫೇಸ್ ಮೋಟಾರಿಗೆ ಸರಿಹೋಗುತ್ತದೆ, ಸಿಂಗಲ್ ಫೇಸ್ ಮೋಟಾರಿಗೆ ಅಲ್ಲ.

ಮೋಟಾರಿಗೂ, ಸುತ್ತುವುದನ್ನು ಮೇಲೆ ಕೆಳಗಿನ ಆಟವಾಗಿಸುವ ಕ್ರ್ಯಾಂಕಿಗೂ ನಡುವೆ ಬೆಲ್ಟ್ ಇದ್ದರೆ ದಾರಿ ಇದೆ. ಮೋಟಾರಿನ ಕಡೆ 50 ಮಿ.ಮೀ., ಕ್ರ್ಯಾಂಕಿನ ಕಡೆ 150 ಮಿ.ಮೀ. ಪುಲ್ಲಿ ಹಾಕಿದರೆ ಮೂರನೇ ಒಂದು ಭಾಗ, 480 ಸ್ಟ್ರೋಕ್. ಬಲವೂ ಮೂರು ಪಟ್ಟು ಹೆಚ್ಚುತ್ತದೆ. ಕ್ರ್ಯಾಂಕು ಮೋಟಾರಿನ ಅಕ್ಷಕ್ಕೇ ನೇರ ಕೂತಿದ್ದರೆ ಬಿಟ್ಟುಬಿಡಿ.

ಕಾರ್ಬನ್ ಬ್ರಷ್ ಇರುವ ಮೋಟಾರುಗಳನ್ನು ಎಲೆಕ್ಟ್ರಾನಿಕ್ ಆಗಿ ಇಳಿಸಬಹುದು, ಆದರೆ ಅಗ್ಗದ ನಿಯಂತ್ರಕದಲ್ಲಿ ವೇಗ ಇಳಿದಂತೆ ಬಲವೂ ಇಳಿಯುತ್ತದೆ. ಕೊಳ್ಳುವ ಮುಂಚೆ ಕನಿಷ್ಠ ವೇಗದಲ್ಲಿ ಓಡಿಸಿ ಗಟ್ಟಿಮರದ ತುಂಡನ್ನು ಒತ್ತಿ ನೋಡಿ. ಉಸಿರು ಕಟ್ಟಿದಂತೆ ನಿಂತರೆ ಆ 400 ಬರೀ ಕಾಗದದ ಮೇಲಿನ 400.

ಬ್ರಷ್ ಮೋಟಾರಿನವರಿಗೆ ಇನ್ನೊಂದು ಎಚ್ಚರ: ಹಿತ್ತಾಳೆ, ಬೆಳ್ಳಿಯ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ. ಗಾಳಿಕಿಂಡಿಯಿಂದ ಒಳಹೋದರೆ ಶಾರ್ಟ್ ಆಗಬಹುದು. ಗಾಳಿ ಊದಿ ಒಳತಳ್ಳಬೇಡಿ, ಪ್ಲಗ್ ಕಿತ್ತು ವ್ಯಾಕ್ಯೂಮಿನಿಂದ ಎಳೆಯಿರಿ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಕಬ್ಬಿಣದ ಮೈಯ ಹಳೆಯ ಯಂತ್ರ ಹಾಕಲೇಬೇಡಿ.

ಅರಪುಡಿ

ಪುಡಿಯ ಮಾತು ಬಂದಿದ್ದು ಒಳ್ಳೆಯದಾಯಿತು. ಹೆಚ್ಚಿನ ಸ್ಕ್ರಾಲ್ ಸಾಗಳಲ್ಲಿ ಗೆರೆಯ ಮೇಲಿನ ಪುಡಿ ಊದುವ ಸಣ್ಣ ಗಾಳಿಕೊಳವೆ ಇರುತ್ತದೆ. ಬೆಳ್ಳಿಗಾಗಲಿ ಚಿನ್ನಕ್ಕಾಗಲಿ ಅದು ಕೋಣೆ ತುಂಬ ದುಡ್ಡು ತೂರುವ ಕೊಳವೆ. ಕಿತ್ತುಬಿಡಿ, ಮೆತ್ತನೆ ಬ್ರಷ್‌ನಿಂದ ಗುಡಿಸಿ ಟ್ರೇಗೆ ಹಾಕಿ.

ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ. 1 ಮಿ.ಮೀ. ದಪ್ಪದ ತಗಡಿನಲ್ಲಿ 1 ಮೀಟರ್ ಉದ್ದ ಗೆರೆಯನ್ನು 2/0ರಿಂದ ಕೊಯ್ದರೆ 260 ಘನ ಮಿ.ಮೀ. ಪುಡಿಯಾಗುತ್ತದೆ. ಸ್ಟರ್ಲಿಂಗ್ ಬೆಳ್ಳಿಯಲ್ಲಿ ಅದು 2.7 ಗ್ರಾಂ. 22 ಕ್ಯಾರೆಟ್ ಚಿನ್ನದಲ್ಲಿ 4.6 ಗ್ರಾಂ ಹತ್ತಿರ. 3ನೇ ನಂಬರಿನ ಬ್ಲೇಡು ಹಾಕಿದರೆ ಬೆಳ್ಳಿ 3.7 ಗ್ರಾಂಗೆ ಏರುತ್ತದೆ. ಜಾಲರಿ ಕೆಲಸದಲ್ಲಿ ಒಂದು ಮೀಟರ್ ಗೆರೆ ದೊಡ್ಡದೇನಲ್ಲ. ಈ ಯಂತ್ರಗಳ ಕೆಳತೋಳು ತೆರೆದ ಡಬ್ಬಿಯೊಳಗೆ ಆಡುತ್ತದೆ, ಪುಡಿ ಗ್ರೀಸಿಗೆ ಅಂಟಿ ಅಲ್ಲೇ ಉಳಿಯುತ್ತದೆ. ಮೇಜುಮೂಲೆ ಅವರ ಅಕ್ರಿಲಿಕ್ ಹಾಳೆ ಇಲ್ಲೂ ಉಪಕಾರಿ: ಸೀಳು ಸಣ್ಣದಿದ್ದಷ್ಟೂ ಪುಡಿ ಮೇಲೆಯೇ ನಿಲ್ಲುತ್ತದೆ.

ಮರ ಕೊಯ್ದ ಯಂತ್ರದಲ್ಲೇ ಬೆಳ್ಳಿ ಕೊಯ್ದರೆ ಪುಡಿಯಲ್ಲಿ ಮರದ ಹಿಟ್ಟು ಸೇರುತ್ತದೆ, ಕರಗಿಸುವವರು ತೂಕ ಕಡಿಯುತ್ತಾರೆ. ಲೋಹ ಬದಲಿಸುವಾಗ ಟ್ರೇ ಬದಲಿಸಿ. ತುಂಡಾದ ಬ್ಲೇಡಿನ ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡರೆ ಹಾಳೆ ಬಿಚ್ಚಿದಾಗ ಕಬ್ಬಿಣ ಉದುರಿಬೀಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಚಿನ್ನಕ್ಕೆ ಯಂತ್ರವೇ ಬೇಡ. 4/0 ಬ್ಲೇಡು, ಕೈಗರಗಸ, ಮಡಿಲಿಗೆ ಚರ್ಮದ ಹಾಸು.

ದಪ್ಪತಗಡು

ಚಿನ್ನಕ್ಕೆ ಒಪ್ಪಿದೆ. 1 ಮಿ.ಮೀ.ಗಿಂತ ತೆಳುವಾದ ಒಂದೇ ಒಂದು ಬೆಳ್ಳಿ ಪದಕಕ್ಕೂ ಯಂತ್ರ ಹೊಂದಿಸುವಷ್ಟರಲ್ಲಿ ಕೈಯಲ್ಲಿ ಮುಗಿದಿರುತ್ತದೆ. ಯಂತ್ರ ಸಾರ್ಥಕವಾಗುವುದು 2 ಮಿ.ಮೀ. ಮೇಲಿನ ದಪ್ಪಕ್ಕೆ, ಪದರ ಕಟ್ಟಿ ಒಂದೇ ಆಕಾರ ಹಲವು ತೆಗೆಯುವುದಕ್ಕೆ, ಕೈಗರಗಸದ ಚೌಕಟ್ಟಿನ ಆಳಕ್ಕೆ ನಿಲುಕದ ದೊಡ್ಡ ತಗಡಿಗೆ, ಮಣಿಕಟ್ಟು ನೋವಿರುವವರಿಗೆ. ಕೈಚೌಕಟ್ಟಿನ ಆಳ ಸಾಮಾನ್ಯವಾಗಿ 75ರಿಂದ 150 ಮಿ.ಮೀ., ಹೆಚ್ಚಿನ ಸ್ಕ್ರಾಲ್ ಸಾ 400 ಮಿ.ಮೀ.ಗೆ ಶುರು. ಆಭರಣಕ್ಕೆ ಆ 400ಕ್ಕಿಂತ ಹೆಚ್ಚಿನ ಆಳಕ್ಕೆ ದುಡ್ಡು ಕೊಡಬೇಡಿ. ಅದೇ ದುಡ್ಡು ಕ್ಲಾಂಪಿಗೆ ಹೋಗಲಿ.

ಜಾಲಂಧ್ರ

ಕಿಂಡಿಗಳಿಗೆ ಎಷ್ಟು ಮಿ.ಮೀ. ತೂತು? ಮೇಣ ಹಚ್ಚುವುದೇ, ಎಣ್ಣೆಯೇ?

ಸಣ್ಣಹಲ್ಲು

2/0ರ ಅಗಲ 0.52 ಮಿ.ಮೀ. ಇದೆ, 0.8 ಮಿ.ಮೀ. ಡ್ರಿಲ್ ಸಾಕು. 3ನೇ ನಂಬರಿಗೆ 1 ಮಿ.ಮೀ. ಅಡಿಮುಖದ ತರಿಯನ್ನು ದೊಡ್ಡ ಡ್ರಿಲ್ಲಿನ ತುದಿಯಿಂದ ಕೈಯಲ್ಲೇ ಒಂದು ತಿರುವು ಕೊಟ್ಟು ತೆಗೆಯಿರಿ. ಆ ತರಿ ಉಳಿದರೆ ತಗಡು ಅದರ ಮೇಲೆ ಕೂತು ಟೇಬಲ್ಲಿನಿಂದ ಎದ್ದಿರುತ್ತದೆ, ಎಗರುವುದಕ್ಕೆ ಅಷ್ಟೇ ಸಾಕು. ಎಕ್ಸ್‌ಕ್ಯಾಲಿಬರ್‌ನಂತೆ ಮೇಲಿನ ತೋಳು ಎತ್ತಿ ನಿಲ್ಲುವ ಯಂತ್ರವಾದರೆ ಕಿಂಡಿ ಕೆಲಸ ಬಹಳ ಸಲೀಸು: ತಗಡನ್ನು ಬ್ಲೇಡಿನ ಮೇಲಿನ ತುದಿಗೆ ಪೋಣಿಸಿ ಕೆಳಗಿಳಿಸಬಹುದು.

ಜೇನುಮೇಣ ಹಚ್ಚಿ, ಬ್ಲೇಡಿನ ಬೆನ್ನಿಗೆ. ಹಲ್ಲಿಗೇ ತಿಕ್ಕಿದರೆ ಸಂದಿ ತುಂಬಿ ಪುಡಿ ಹೊರಬರುವುದಿಲ್ಲ. ಎರಡೂ ತುದಿಯ 10 ಮಿ.ಮೀ. ಬಿಟ್ಟುಬಿಡಿ, ಕ್ಲಾಂಪಿಗೆ ಮೇಣ ಹೋದರೆ ಹಿಡಿತ ಹೋಯಿತು. ಎಣ್ಣೆಗೆ ತಗಡಿನ ಮೇಲೆ ಅಂಟಿಸಿದ ವಿನ್ಯಾಸದ ಕಾಗದ ಬಿಟ್ಟುಕೊಳ್ಳುತ್ತದೆ, ಪುಡಿ ಕೆಸರಾಗುತ್ತದೆ. ಕಾಗದದ ಮೇಲೆ ಅಗಲದ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಗೆರೆ ಹರಿಯದೆ ಉಳಿಯುತ್ತದೆ.

ಹಿಡಿತ

ಬ್ಲೇಡು ತುಂಡಾದ ಜಾಗ ನೋಡಿದರೆ ಕಾರಣ ತಿಳಿಯುತ್ತದೆ. ಕ್ಲಾಂಪಿನ ಬಾಯಲ್ಲೇ ಮುರಿದರೆ ಕ್ಲಾಂಪಿನ ಅಂಚು ಚೂಪಾಗಿದೆ, ಇಲ್ಲವೇ ಮೇಲಿನ ಕೆಳಗಿನ ಕ್ಲಾಂಪು ಒಂದೇ ಗೆರೆಯಲ್ಲಿಲ್ಲದೆ ಬ್ಲೇಡು ತಿರುಚಿಕೊಂಡಿದೆ. ನಡುವೆ ಮುರಿದರೆ ಒತ್ತಡ ಜಾಸ್ತಿ, ಅಥವಾ ಮೂಲೆಯಲ್ಲಿ ನಿಂತ ಕಡೆಯೇ ತಗಡನ್ನು ಬಲವಂತವಾಗಿ ತಿರುಗಿಸಿದ್ದೀರಿ. ಮೂಲೆಗೆ ಬಂದಾಗ ತಗಡನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ, ಬ್ಲೇಡಿನ ನುಣುಪಾದ ಬೆನ್ನು ಸೀಳಿಗೆ ತಾಗುವಂತೆ ಇಟ್ಟು, ಯಂತ್ರ ಓಡುತ್ತಿರುವಾಗಲೇ ತಿರುಗಿಸಿ. ಹಲ್ಲು ಸಾಲಾಗಿ ಉದುರಿದ್ದರೆ ತಗಡಿಗೆ ಹಲ್ಲು ದೊಡ್ಡದು. ಮುರಿಯದೆ, ಹೊಳಪು ಕಳೆದು ನೀಲಿಯಾದರೆ ವೇಗ ಇಳಿಸಿ. ಗೆರೆ ಯಾವಾಗಲೂ ಒಂದೇ ಕಡೆಗೆ ಎಳೆಯುತ್ತಿದ್ದರೆ ಬ್ಲೇಡಿನ ಒಂದು ಬದಿಯಲ್ಲಿ ತರಿ ಇದೆ, ನುಣುಪು ಸಾಣೆಕಲ್ಲನ್ನು ಆ ಬದಿಗೆ ಒಮ್ಮೆ ಮೃದುವಾಗಿ ಮುಟ್ಟಿಸಿ.

ಮುರಿದ ಕೂಡಲೇ ಮೇಲಿನ ತುಂಡು ಮೇಲೆ ಕೆಳಗೆ ಕುಟ್ಟುತ್ತಲೇ ಇರುತ್ತದೆ. ಬೆರಳು ಅದರ ಕೆಳಗಿರಬಾರದು, ಕನ್ನಡಕವಿಲ್ಲದೆ ಸ್ವಿಚ್ ಮುಟ್ಟಬಾರದು. 25 ಮಿ.ಮೀ.ಗಿಂತ ಚಿಕ್ಕ ತುಂಡನ್ನು ಬೆರಳಿನಿಂದ ಹಿಡಿಯಬೇಡಿ, ಅಂಗೈಯಷ್ಟು ಪ್ಲೈವುಡ್ಡಿಗೆ ಅಂಟಿಸಿ.

ಮೇಜುಮೂಲೆ

ಒತ್ತಿದಷ್ಟು ಹೊತ್ತು ಮಾತ್ರ ಓಡುವ ಕಾಲುಸ್ವಿಚ್ ಇದ್ದರೆ ಬ್ಲೇಡು ಮುರಿದ ಕ್ಷಣವೇ ನಿಲ್ಲಿಸಬಹುದು. ಆದರೆ ಕೊಳ್ಳುವಾಗ ನೋಡಿಕೊಳ್ಳಿ: ಕೆಲವು ಯಂತ್ರಗಳ ಸ್ವಿಚ್ ವಿದ್ಯುತ್ ಹೋಗಿ ಬಂದರೆ ತಾನಾಗಿ ಶುರುವಾಗದ ಬಗೆಯದು. ಅಂಥದ್ದಕ್ಕೆ ಕಾಲುಸ್ವಿಚ್ ಸೇರಿಸಿದರೆ ಪ್ರತಿ ಸಲ ಹಸಿರು ಗುಂಡಿಯನ್ನೂ ಒತ್ತಬೇಕು.

ಸಮಾನಾಂತರ

ಇನ್ನೊಂದು ವಿಷಯ, ಇದು ಎಲ್ಲರಿಗೂ ಬೇಕಾಗದು. ಟೇಬಲ್ ಅಥವಾ ತಲೆ ವಾಲುವ ಸೌಲಭ್ಯ ಲೋಹದವರಿಗೆ ದಂಡ ಎನ್ನುತ್ತಾರೆ. ಒಂದು ಲೋಹದೊಳಗೆ ಇನ್ನೊಂದನ್ನು ಕೂರಿಸುವ ಕೆಲಸವಿದ್ದರೆ ದಂಡವಲ್ಲ. ತಾಮ್ರ, ಹಿತ್ತಾಳೆ ತಗಡು ಒಂದರ ಮೇಲೊಂದಿಟ್ಟು ಓರೆಯಾಗಿ ಕೊಯ್ದರೆ ಮೇಲಿನ ತುಂಡು ಕೆಳಗಿನ ಕಿಂಡಿಯಲ್ಲಿ ಸಂದಿಯಿಲ್ಲದೆ ಕೂರುತ್ತದೆ. ಸೀಳಿನ ಅಗಲವನ್ನು ಒಂದು ತಗಡಿನ ದಪ್ಪದಿಂದ ಭಾಗಿಸಿ, ಬಂದ ಸಂಖ್ಯೆ ಯಾವ ಕೋನದ ಸೈನೋ ಅಷ್ಟು ಓರೆ ಬೇಕು. 2/0 ಬ್ಲೇಡು, 1 ಮಿ.ಮೀ. ತಗಡು ಆದರೆ 0.26, ಅಂದರೆ 15 ಡಿಗ್ರಿ ಹತ್ತಿರ. ನಿಜವಾದ ಸೀಳು ಬ್ಲೇಡಿಗಿಂತ ತುಸು ಅಗಲ ಇರುವುದರಿಂದ ಚೂರಿನ ಮೇಲೆ 15, 16, 17 ಮೂರನ್ನೂ ಕೊಯ್ದು ನೋಡಿ. ಉದ್ದಕ್ಕೂ ಒಂದೇ ದಿಕ್ಕಿನಲ್ಲಿ, ಪ್ರದಕ್ಷಿಣೆಯಾದರೆ ಪ್ರದಕ್ಷಿಣೆಯೇ, ಕೊಯ್ಯಬೇಕು. ನಡುವೆ ದಿಕ್ಕು ಬದಲಿಸಿದರೆ ಓರೆ ತಿರುವುಮುರುವಾಗಿ ತುಂಡು ಕೂರುವುದೇ ಇಲ್ಲ.

ಜಾಲಂಧ್ರ

ಹಳೆಯ ಯಂತ್ರದ ಕ್ರ್ಯಾಂಕು ಮೋಟಾರಿಗೆ ನೇರ ಕೂತಿದೆ, ಬೆಲ್ಟ್ ಇಲ್ಲ. ಬಿಟ್ಟೆ. 400ಕ್ಕೆ ಇಳಿಯುವ ಜೋಡಿ ಲಿಂಕಿನ ಯಂತ್ರವೊಂದು ಬಳಸಿದ್ದು ಸಿಗುತ್ತದೆ. ನೋಡಲು ಹೋಗುವಾಗ 2/0, 1, 3 ಬ್ಲೇಡು, ಗುಣಿ ಮಾಪಕ, ಗಟ್ಟಿಮರದ ತುಂಡು, ಒಂದು ಚೂರು 1 ಮಿ.ಮೀ. ಹಿತ್ತಾಳೆ ಒಯ್ಯುತ್ತೇನೆ. ಬೇರೇನಾದರೂ?

ಸುರುಳಿತಂತಿ

ಪ್ಲಗ್ ಕಿತ್ತು ಮೇಲಿನ ತೋಳಿನ ಮೂತಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಟಿಕ್ ಎಂದು ಸದ್ದಾದರೆ ಲಿಂಕಿನ ಬೇರಿಂಗ್ ಸವೆದಿದೆ. ಬದಲಿಸಬಹುದು, ಆದರೆ ಬೆಲೆಯಲ್ಲಿ ಕಳೆಯಿರಿ. ಆಮೇಲೆ ಕನಿಷ್ಠ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಮೋಟಾರು ಮುಟ್ಟಿ ನೋಡಿ. ನಿಧಾನ ಓಡುವಾಗ ಫ್ಯಾನೂ ನಿಧಾನ, ಅದಕ್ಕೇ ಬಿಸಿಯಾಗುವುದು ಆಗಲೇ ಹೆಚ್ಚು. ಕೈ ಇಡಲಾಗದಷ್ಟು ಕಾದರೆ ಬ್ರಷ್ ಮುಚ್ಚಳ ತೆಗೆಸಿ ಕಾರ್ಬನ್ ಎಷ್ಟು ಉಳಿದಿದೆ ನೋಡಿ.

ಅರಪುಡಿ

ಕೆಳಗಿನ ಕ್ಲಾಂಪನ್ನು ಟಾರ್ಚ್ ಹಾಕಿ ನೋಡಿ. ಮೇಲಿನದನ್ನು ಎಲ್ಲರೂ ಒರೆಸಿ ತೋರಿಸುತ್ತಾರೆ, ಕೆಳಗಿನದರ ತಿರುಪು ಸವೆದು ಓರೆಯಾಗಿರುವುದು ಹೊರಗೆ ಕಾಣುವುದಿಲ್ಲ. ಬಿಡಿಭಾಗ ಸಿಗುವ ಮಾದರಿಯೋ ಎಂದು ಕೇಳಿಕೊಂಡು, ಎರಡು ಜೊತೆ ಕ್ಲಾಂಪ್ ತಿರುಪನ್ನು ಮೊದಲೇ ತರಿಸಿಡಿ.